ಕಬ್ಬಿಣದ ಕಂಬದ ಮನೆ, ನಡುವೆ ಒಂದು ಗೋಡೆ

ಅಲ್ಲ ಅಲ್ಲ, ಕಲ್ಲಿನ ಕಂಬ ಅಂತ ಯಾರು ಹೇಳಿದ್ರು ನಿಂಗೆ, ನಿಮ್ಮಮ್ಮನಾ? ಅವಳು ಹುಟ್ಟಿ ಬೆಳೆದಿದ್ದೇ ಆ ಮನೇಲಿ, ಅವಳಿಗೇ ಮರ್ತೋಯ್ತಾ? ಕಲ್ಲಿಂದಲ್ಲ ಕಣೋ, ಮರದ್ದೂ ಅಲ್ಲ, ಕಬ್ಬಿಣದ್ದು. ಎರಕ ಹೊಯ್ದ ಕಬ್ಬಿಣ. ಅದಕ್ಕೇ ತಾನೆ ಭದ್ರಾವತಿ ಓಲ್ಡ್ ಟೌನಲ್ಲಿ ಯಾರನ್ನ ಕೇಳಿದ್ರೂ ಕಬ್ಬಿಣದ ಕಂಬದ ಮನೆ ಅಂತಿದ್ರು. ಬಸ್ಸಿನ ಕಂಡಕ್ಟರು ಇದ್ದನಲ್ಲ, ಅವನೂ ಅಷ್ಟೇ, "ಕಂಬದ್ಮನೆ, ಕಂಬದ್ಮನೆ, ಇಳೀರಿ ಬೇಗ" ಅಂತ ಕೂಗೋನು. ಆ ಹೆಸರಿನ ಸ್ಟಾಪು ಸರ್ಕಾರದ ಲೆಕ್ಕದಲ್ಲಿ ಇರ್ಲೇ ಇಲ್ಲ, ಗೊತ್ತಾ, ಜನಗಳ ಬಾಯಲ್ಲಿತ್ತು ಅಷ್ಟೇ. ನಾನು ಮದುವೆಯಾಗಿ ಬಂದ ದಿನ ನಮ್ಮಪ್ಪ ಜಗಲಿ ಮೇಲೆ ನಿಂತ್ಕೊಂಡು ಕಂಬಾನ ಬೆರಳಲ್ಲಿ ತಟ್ಟಿ ನೋಡಿದ್ರು. ಟಣ್ ಅಂತು. "ಅಯ್ಯೋ, ಇದು ಗಂಟೆ ಇದ್ದ ಹಾಗಿದೆಯಲ್ಲಮ್ಮ, ಒಳಗೆ ಟೊಳ್ಳು" ಅಂದ್ರು. ಟೊಳ್ಳೇ. ಅದೇ ಅದರ ವಿಶೇಷ. ಹೇಳ್ತೀನಿ ತಡೀರಿ, ಮೊದಲಿಂದ ಹೇಳ್ತೀನಿ, ಇಲ್ಲಾಂದ್ರೆ ನಿಮಗೆ ತಲೆ ಬುಡ ಗೊತ್ತಾಗಲ್ಲ.

ಆ ಮನೆ ಕಟ್ಟಿಸಿದ್ದು ನಿಮ್ಮಜ್ಜನ ತಾತ. ಕಬ್ಬಿಣದ ಕಾರ್ಖಾನೆ ಶುರುವಾದ ಕಾಲದಲ್ಲಿ ಕುಲುಮೆಗೆ ಇದ್ದಿಲು ಬೇಕಿತ್ತಂತೆ, ಕಾಡಿಂದ ಇದ್ದಿಲು ಹೊಡೆಸಿ ಗಾಡಿ ಮೇಲೆ ಹಾಕಿ ತರಿಸೋ ಗುತ್ತಿಗೆ ಅವರದ್ದು. ಕೈ, ಮೈ, ಪಂಚೆ ಎಲ್ಲ ಕಪ್ಪು. ಊರಲ್ಲಿ ಇದ್ದಿಲು ಯಜಮಾನರು ಅಂತಲೇ ಹೆಸರು. ಮನೆ ಕಟ್ಟೋವಾಗ ಎಲ್ಲರೂ ಹೇಳಿದ್ರಂತೆ, ತೇಗದ ಕಂಬ ಹಾಕ್ಸಿ ಯಜಮಾನ್ರೇ, ಬೀಟೆ ಹಾಕ್ಸಿ, ಅಂತ. ಅವರು, "ಮರ ಸುಟ್ಟು ಸುಟ್ಟು ನಾನು ಮನುಷ್ಯ ಆಗಿರೋದು, ಅದನ್ನೇ ತಂದು ಮನೇಲಿ ನಿಲ್ಲಿಸ್ಲಾ? ನನಗೆ ಅನ್ನ ಕೊಟ್ಟಿದ್ದು ಕಬ್ಬಿಣ, ನನ್ನ ಮನೆ ನಿಲ್ಲೋದೂ ಕಬ್ಬಿಣದ ಮೇಲೇನೇ" ಅಂದ್ರಂತೆ. ಇದನ್ನ ನಮ್ಮತ್ತೆ ಹೇಳೋವಾಗ ದನಿ ದಪ್ಪ ಮಾಡ್ಕೊಂಡು ಹೇಳೋರು. ಹಾಗೆ ನಾಲ್ಕು ಕಂಬ ಎರಕ ಹೊಯ್ಸಿ, ತೊಟ್ಟಿಯ ನಾಲ್ಕು ಮೂಲೆಗೆ ನಿಲ್ಲಿಸಿದ್ರು. ತೊಟ್ಟಿ ಅಂದ್ರೆ ಗೊತ್ತಲ್ಲ, ಮನೆ ಮಧ್ಯ ಮೇಲೆ ಸೂರಿಲ್ಲದ ಅಂಗಳ, ಸುತ್ತ ಪಡಸಾಲೆ. ಜಗಲಿ ಮೇಲೂ ಎರಡು ಕಂಬ ಇತ್ತು, ಆದ್ರೆ ಅವು ಸಣ್ಣವು, ಬರೀ ಚಂದಕ್ಕೆ. ಮನೆ ಹೊತ್ತಿದ್ದು ತೊಟ್ಟಿಯ ನಾಲ್ಕು. ತಬ್ಬಿದ್ರೆ ಕೈ ಸರಿಯಾಗಿ ಸೇರೋ ಅಷ್ಟು ದಪ್ಪ, ತುದೀಲಿ ಬಾಳೆ ಎಲೆ ಬಗ್ಗಿದ ಹಾಗೆ ಕೆಲಸ. ಮಳೆಗಾಲದಲ್ಲಿ ಸುತ್ತಲ ಹಂಚಿನ ನೀರೆಲ್ಲ ಸೂರಂಚಿನ ತಗಡಿನ ದೋಣಿಗೆ ಬಂದು, ದೋಣಿಯಿಂದ ಕಂಬದ ಒಳಗೆ ಇಳಿಯೋದು. ಕಂಬದ ಬುಡದಲ್ಲಿ, ನೆಲದ ಕೆಳಗೆ, ಕಲ್ಲಿನ ಮೋರಿ. ಆ ಮೋರೀಲಿ ನೀರು ಹಿತ್ತಲಿಗೆ ಹೋಗಿ, ಅಲ್ಲಿಂದ ಹೊಳೆ ಕಡೆ. ಒಂದು ಹನಿ ಅಂಗಳಕ್ಕೆ ಸಿಡೀತಿರ್ಲಿಲ್ಲ. ಮಕ್ಕಳೆಲ್ಲ ಮಳೆ ಬಂತು ಅಂದ್ರೆ ಓಡಿ ಹೋಗಿ ಕಂಬಕ್ಕೆ ಕಿವಿ ಇಡೋವು. ಒಳಗೆ ಗುಳುಗುಳು ಗುಳುಗುಳು ಅಂತ ಯಾರೋ ಮಾತಾಡ್ದ ಹಾಗೆ. ನಿಮ್ಮಮ್ಮ ಹೊಟ್ಟೇಲಿದ್ದಾಗ ಬೇಸಿಗೇಲಿ ನಾನು ಆ ಕಂಬಕ್ಕೇ ಬೆನ್ನು ಕೊಟ್ಟು ಕೂರ್ತಿದ್ದೆ, ತಣ್ಣಗೆ, ಎಷ್ಟು ಹಿತ ಅಂತೀರಿ. ನೆಲ ಕೆಂಪು ಕಾವಿ ನೆಲ, ಮುಖ ಕಾಣೋದು. ಬೀದಿ ಬಾಗಿಲು ಮಾತ್ರ ತೇಗದ್ದೇ, ಅದರ ಅಗಣಿ ಹಾಕಿದ್ರೆ ಆನೆ ಬಂದ್ರೂ ಅಲ್ಲಾಡಲ್ಲ. ಬಾಗಿಲ ಮೇಲೆ ಬಣ್ಣದ ಗಾಜು, ಕೆಂಪು, ಹಸಿರು, ಹಳದಿ, ಬೆಳಿಗ್ಗೆ ಬಿಸಿಲು ಬಿದ್ರೆ ಹಾಲಲ್ಲಿ ರಂಗೋಲಿ ಹಾಕಿದ ಹಾಗೆ ಇರೋದು. ಹಾಲು ಅಂದ್ರೆ ಕುಡಿಯೋ ಹಾಲಲ್ಲ ಮಾರಾಯ, ನಗಬೇಡ, ಹಜಾರ, ಹಜಾರ.

ಆ ಮನೇಲಿ ನಾವಿದ್ದಿದ್ದು ಯಾರ್ಯಾರು ಅಂದ್ರೆ, ನಮ್ಮತ್ತೆ, ಅವರ ದೊಡ್ಡ ಮಗ ಅಂದ್ರೆ ನಿಮ್ಮ ದೊಡ್ಡಜ್ಜ ಸೋಮಣ್ಣ, ಅವರ ಹೆಂಡ್ತಿ ಗಿರಿಜಕ್ಕ, ಆಮೇಲೆ ನಿಮ್ಮಜ್ಜ, ನಾನು, ನಿಮ್ಮಮ್ಮ. ದೊಡ್ಡಜ್ಜಂಗೆ ಮಕ್ಕಳಿರ್ಲಿಲ್ಲ, ನಿಮ್ಮಮ್ಮನ್ನೇ ಹೆಗಲ ಮೇಲೆ ಕೂರಿಸ್ಕೊಂಡು ಪೇಟೆ ಎಲ್ಲ ತಿರುಗೋರು. ಅವರು ಶಿವಮೊಗ್ಗದಲ್ಲಿ ಬಟ್ಟೆ ಅಂಗಡೀಲಿ ಮ್ಯಾನೇಜರು, ದಿನಾ ಬಸ್ಸಲ್ಲಿ ಹೋಗಿ ಬರೋರು, ಇಸ್ತ್ರಿ ಮಾಡಿದ ಬಿಳಿ ಶರ್ಟು. ಭಾನುವಾರ ಬಂತು ಅಂದ್ರೆ ಒಂದು ಹಳೇ ಪಂಚೆ ಉಟ್ಕೊಂಡು ಆ ಕಂಬಗಳಿಗೆ ಎಣ್ಣೆ ಒರೆಸೋದೇ ಕೆಲಸ. ನಿಮ್ಮಜ್ಜ ಕಾರ್ಖಾನೇಲಿ, ಎರಕದ ಮನೇಲಿ ಕೆಲಸ, ಸೈರನ್ನು ಕೂಗಿದ್ರೆ ಹೋಗೋದು, ಸೈರನ್ನು ಕೂಗಿದ್ರೆ ಬರೋದು. ಒಬ್ಬರು ಬಿಳಿ, ಒಬ್ಬರು ಕಪ್ಪು ಅಂತ ನಮ್ಮತ್ತೆ ನಗೋರು. ಸಂಜೆ ಇಬ್ಬರೂ ಜಗಲಿ ಮೇಲೆ ಕೂತು ಒಂದೇ ಪೇಪರನ್ನ ಹಾಳೆ ಬಿಡಿಸಿ ಹಂಚ್ಕೊಂಡು ಓದೋರು. ಒಬ್ಬರು ಕಾಫಿ ಕುಡಿದು ಅರ್ಧ ಬಿಟ್ರೆ ಇನ್ನೊಬ್ಬರು ಎತ್ಕೊಂಡು ಕುಡಿಯೋರು. ಅಂಥ ಅಣ್ಣ ತಮ್ಮ.

ಅತ್ತೆ ತೀರ್ಕೊಂಡ್ರು. ಅದಾಗಿ ಒಂದೆರಡು ವರ್ಷಕ್ಕೇನೋ, ತೊಂಬತ್ತರ ಈಚೆ ಅದು, ಕಾರ್ಖಾನೇಲಿ ಜನ ಕಡಿಮೆ ಮಾಡೋಕೆ ಶುರು ಮಾಡಿದ್ರು. ವಿ.ಆರ್.ಎಸ್. ತಗೊಳ್ಳಿ, ವಿ.ಆರ್.ಎಸ್. ತಗೊಳ್ಳಿ. ದುಡ್ಡು ತಗೊಂಡು ತಾವಾಗೇ ಕೆಲಸ ಬಿಡೋದು ಅದು, ಊರ ತುಂಬ ಅದೇ ಮಾತು. ಎದುರು ಮನೆ ಸೆಲ್ವಿ ಗಂಡನೂ ತಗೊಂಡ, ನಿಮ್ಮಜ್ಜನೂ ತಗೊಂಡ್ರು. ತಗೊಂಡ ಮಾರನೇ ದಿನ ಸೈರನ್ನು ಕೂಗ್ತು, ಇವರು ಎದ್ದು ಚಪ್ಪಲಿ ಮೆಟ್ಟಿದ್ರು. ಮೆಟ್ಟಿ ಹಾಗೇ ನಿಂತ್ರು ಬಾಗಿಲಲ್ಲಿ. ಸುಮ್ಮನೆ ಚಪ್ಪಲಿ ಬಿಟ್ಟು ಬಂದು ಕೂತ್ರು. ವಯಸ್ಸು ಐವತ್ತಾಗಿರ್ಲಿಲ್ಲ ಇನ್ನೂ, ಕೈಯಲ್ಲಿ ಶಕ್ತಿ ಇದೆ, ಕೆಲಸ ಗೊತ್ತಿದೆ, ಸುಮ್ಮನೆ ಕೂರಕ್ಕಾಗುತ್ತಾ ಗಂಡಸಿಗೆ? ಕೊನೆಗೆ ಒಂದು ಯೋಚನೆ ಮಾಡಿದ್ರು. ಜಗಲಿ ಒಂದು ಪಕ್ಕ ಒಂದು ವೆಲ್ಡಿಂಗ್ ಮೆಷಿನ್ನು, ಒಂದು ಗ್ರೈಂಡರ್ ಇಟ್ಕೊಂಡ್ರೆ, ಗೇಟು, ಕಿಟಕಿ, ನೇಗಿಲು ಅಂತ ಜನ ಬಂದೇ ಬರ್ತಾರೆ, ಬಸ್ ಸ್ಟಾಪು ಬೇರೆ ಎದುರಿಗೇ ಇದೆ ಅಂತ. ತಪ್ಪೇನಿದೆ ಹೇಳಿ? ತಪ್ಪೇನಿರ್ಲಿಲ್ಲ. ಆದ್ರೆ ದೊಡ್ಡಜ್ಜ ಹೇಳಿದ್ದೂ ತಪ್ಪಲ್ಲ, ಅದೇ ಕಷ್ಟ. ಊಟಕ್ಕೆ ಕೂತಾಗ ಹೇಳಿದ್ರು, "ಮಂಜ, ಬೇರೆ ಎಲ್ಲಾದ್ರೂ ಶೆಡ್ಡು ನೋಡೋಣ ಕಣೋ. ಜಗಲಿ ಬೇಡ. ಆ ಕಾವಿ ನೆಲ ಕಿಡಿ ಬಿದ್ರೆ ಹಾಳಾಗುತ್ತೆ. ಅಪ್ಪ ಕೂತಿದ್ದ ಜಾಗ."

ನಿಮ್ಮಜ್ಜ, "ಬೇರೆ ಕಡೆ ಯಾರು ಕೊಡ್ತಾರೆ ಅಣ್ಣ? ಇದೂ ನನ್ನ ಮನೇನೇ ತಾನೆ" ಅಂದ್ರು.

"ನಿನ್ನ ಮನೆ ಅಲ್ಲ ಅಂದ್ನಾ ನಾನು? ಊರಿಗೇ ಗುರುತಿನ ಮನೆ ಇದು. ಅಲ್ಲಿ ಗ್ರೀಸು, ಕಿಟ್ಟ, ಟರ್ರ್ ಅಂತ ಶಬ್ದ. ನೋಡಿದೋರು ಏನಂತಾರೆ?"

"ಏನಂತಾರೆ? ದುಡೀತಿದಾನೆ ಅಂತಾರೆ."

ಅಲ್ಲಿಗೆ ನಿಂತಿದ್ರೆ ಆಗೋದು. ಗಿರಿಜಕ್ಕ ಸಾರು ಬಡಿಸೋಕೆ ಬಂದೋಳು ಸೌಟು ಹಿಡ್ಕೊಂಡು ನಿಂತೇಬಿಟ್ಳು. ದೊಡ್ಡಜ್ಜಂಗೆ ಅವತ್ತು ಏನಾಗಿತ್ತೋ, ಅಂಗಡೀಲಿ ಏನು ಕಿರಿಕಿರಿ ಆಗಿತ್ತೋ, ಬಾಯಿ ತಪ್ಪಿ ಅಂದ್ಬಿಟ್ರು, "ಅಷ್ಟು ವರ್ಷ ಕೂಲಿ ಮಾಡಿ ಮಾಡಿ ನಿಂಗೆ ಮನೆ ಮರ್ಯಾದೆ ಅಂದ್ರೆ ಏನು ಅಂತಲೇ ಮರ್ತೋಗಿದೆ."

ನಿಮ್ಮಜ್ಜ ತಟ್ಟೇಲಿ ಕೈ ಇಟ್ಕೊಂಡು ತಲೆ ಎತ್ತಿದ್ರು. ಮೆಲ್ಲಗೇ ಹೇಳಿದ್ರು, ಅವರು ಯಾವತ್ತೂ ಕಿರುಚೋರಲ್ಲ. "ನೀನು ಭಾನುವಾರ ಭಾನುವಾರ ಎಣ್ಣೆ ಒರೆಸ್ತೀಯಲ್ಲ ಅಣ್ಣ, ಆ ಕಂಬ. ಅದನ್ನ ಎರಕ ಹೊಯ್ದೋರೂ ಕೂಲಿಯವರೇ. ನನ್ನ ಪಾಲು ನನಗೆ ಕೊಟ್ಬಿಡು."

ನೋಡಿ, ಹೀಗೆ. ಒಂದು ಊಟದಷ್ಟು ಹೊತ್ತು. ನಾನು ಅವತ್ತು ಕೋಸಂಬರಿ ಮಾಡಿದ್ದೆ, ಯಾರೂ ಮುಟ್ಟಲೇ ಇಲ್ಲ.

ನಾವು ಹೆಂಗಸರು ಅಂದ್ಕೊಂಡ್ವಿ, ಎರಡು ದಿನ ಮುಖ ಊದಿಸ್ಕೊಂಡು ಆಮೇಲೆ ಸರಿ ಹೋಗ್ತಾರೆ ಅಂತ. ಗಿರಿಜಕ್ಕ ನಂಗೆ ಅಂದ್ಳು, "ನೀ ಸುಮ್ನಿರು ಪಾರ್ವತಿ, ಯುಗಾದಿಗೆ ಬೇವು ಬೆಲ್ಲ ಕೊಡೋವಾಗ ನಾನೇ ಇಬ್ಬರ ಕೈಯನ್ನೂ ಹಿಡಿದು ಸೇರಿಸ್ತೀನಿ." ಯುಗಾದಿ ಬರೋ ಹೊತ್ತಿಗೆ ಊರಿನ ಹಿರಿಯರು ಬಂದು ಜಗಲಿ ಮೇಲೆ ಕೂತು ಮನೆ ಪಾಲು ಮಾಡಿ ಆಗಿತ್ತು. ಬೀದಿಯಿಂದ ಹಿತ್ತಲ ತನಕ ಉದ್ದಕ್ಕೆ ಒಂದು ಗೆರೆ. ದೊಡ್ಡ ಬಾಗಿಲು, ಅಡುಗೆ ಮನೆ ಅಣ್ಣನ ಕಡೆ. ಊಟದ ಮನೆ, ಹಿತ್ತಲಿನ ಬಚ್ಚಲು, ಆ ಮೋರಿ ಹೊರಗೆ ಹೋಗೋ ಜಾಗ, ಎಲ್ಲ ನಮ್ಮ ಕಡೆ. ತೊಟ್ಟಿ ಅರ್ಧರ್ಧ. ಕಂಬ ಎರಡು ಅವರಿಗೆ, ಎರಡು ನಮಗೆ. ನಮಗೆ ಬೀದಿಗೆ ಬಾಗಿಲಿಲ್ಲವಲ್ಲ, ಕಿಟಕಿ ಒಡೆದು ತಗಡಿನ ಬಾಗಿಲು ಇಟ್ವಿ. ಗೋಡೆ ಕಟ್ಟಿಸಿದ್ದು ದೊಡ್ಡಜ್ಜನೇ, ಹಠದ ಮೇಲೆ. ಸಿಮೆಂಟ್ ಇಟ್ಟಿಗೆ, ಗಾರೆ ಕೂಡ ಮಾಡಿಸ್ಲಿಲ್ಲ, ಹಾಗೇ ಬೂದಿ ಬಣ್ಣ. ತೊಟ್ಟಿ ಮಧ್ಯ ಇದ್ದ ತುಳಸಿ ಕಟ್ಟೆ ಕಿತ್ತು ಪಾಯ ತೋಡಿದ್ರು. ತುಳಸಿ ಯಾರಿಗೆ ಅಂತ ಯಾರೂ ಮಾತಾಡಿರ್ಲಿಲ್ಲ, ನಾನು ಗಿರಿಜಕ್ಕ ಇಬ್ಬರೂ ಒಂದೊಂದು ಕೊಂಬೆ ಮುರ್ಕೊಂಡು ಡಬ್ಬೀಲಿ ನೆಟ್ವಿ. ನನ್ನದು ಚಿಗುರ್ತು, ಅವಳದ್ದು ಒಣಗ್ತು, ನನ್ನದರಲ್ಲೇ ಮತ್ತೆ ಅವಳಿಗೆ ಕೊಟ್ಟೆ.

ಹೆಂಗೆ ಕೊಟ್ಟೆ ಅಂತೀರಾ? ಗೋಡೆ ಮೇಲಿಂದ. ತೊಟ್ಟಿಗೆ ಸೂರಿಲ್ಲವಲ್ಲ, ಅಲ್ಲಿ ಗೋಡೆ ಸೂರಂಚಿನ ತನಕ ಅಷ್ಟೇ. ಗಂಡಸರು ಮನೇಲಿ ಇಲ್ಲದಾಗ ನಾನು ಒರಳುಗಲ್ಲಿನ ಮೇಲೆ ಸ್ಟೂಲಿಟ್ಟು ಹತ್ತೋದು, ಅವಳು ಆ ಕಡೆ ಏಣಿ ಹತ್ತೋದು. ಕಡುಬು ಮಾಡಿದ್ರೆ ಕಡುಬು, ಹುಳಿ ಮಾಡಿದ್ರೆ ಹುಳಿ. ಒಂದು ಸಲ ಬಿಸಿ ಬಿಸಿ ಹುಳಿ ಅವಳ ತಲೆ ಮೇಲೇ ಚೆಲ್ತು, ನಗು ತಡೆಯಕ್ಕಾಗ್ದೆ ನಾನು ಸ್ಟೂಲಿಂದ ಬಿದ್ದೆ. ಅವರ ಮನೇಲಿ ಒಗ್ಗರಣೆ ಹಾಕಿದ್ರೆ ನಮಗೆ ಸೀನು, ದೊಡ್ಡಜ್ಜ ಕೆಮ್ಮಿದ್ರೆ ನಿಮ್ಮಜ್ಜ ತುತ್ತು ಎತ್ತೋದನ್ನ ನಿಲ್ಲಿಸೋರು. ಕೆಮ್ಮು ನಿಂತ ಮೇಲೆ ಉಣ್ಣೋರು. ಬೀದೀಲಿ ಎದುರಾದ್ರೆ ಒಬ್ಬರು ಅಂಗಡಿ ಬೋರ್ಡು ಓದೋರು, ಇನ್ನೊಬ್ಬರು ಚಪ್ಪಲಿ ಸರಿ ಮಾಡ್ಕೊಳ್ಳೋರು. ನಿಮ್ಮಜ್ಜ ಜಗಲಿ ನಮ್ಮ ಪಾಲಲ್ಲಿ ವೆಲ್ಡಿಂಗ್ ಇಟ್ರು, ಕೆಲಸ ಚೆನ್ನಾಗೇ ಬಂತು. ಆದ್ರೆ ಗಮನಿಸಿದ್ದೀನಿ ನಾನು, ದೊಡ್ಡಜ್ಜ ಮಧ್ಯಾಹ್ನ ಮಲಗೋ ಹೊತ್ತಲ್ಲಿ ಗ್ರೈಂಡರ್ ಹಾಕ್ತಿರ್ಲಿಲ್ಲ. ಗಿರಾಕಿ ಅರ್ಜೆಂಟು ಅಂದ್ರೂ "ಕರೆಂಟ್ ಇಲ್ಲ" ಅಂತಿದ್ರು. ಮೇಲೆ ಫ್ಯಾನು ತಿರುಗ್ತಾ ಇರೋದು.

ನಿಮ್ಮಮ್ಮನ ಮದುವೆ ಬಂತು. ಚಪ್ಪರ ಹಾಕ್ಬೇಕು, ಎಲ್ಲಿ ಹಾಕೋದು? ನಮ್ಮ ಅರ್ಧ ಜಗಲಿ ಮುಂದೇನೇ. ನಾನು ನಿಮ್ಮಜ್ಜಂಗೆ ಕೈ ಮುಗಿದೆ, ರೀ, ಹೋಗಿ ಕರೀರಿ, ಹೆಗಲ ಮೇಲೆ ಹೊತ್ತು ತಿರುಗಿಸಿದೋರು ಅವಳನ್ನ, ಅಂತ. "ಗಿರಿಜತ್ತಿಗೆಗೆ ಹೇಳಿದೀಯಲ್ಲ, ಅವರಿಗೂ ಹೇಳಿದ ಹಾಗೇ ಆಯ್ತು" ಅಂದ್ರು. ಆ ಕಡೆ ದೊಡ್ಡಜ್ಜ, "ಮನೆ ಯಜಮಾನ ಬಂದು ಕರೀಲಿ, ಹೆಂಗಸರ ಕೈಲಿ ಹೇಳಿಸಿದ್ರೆ ಕರೆದ ಹಾಗಾ?" ಅಂದ್ರಂತೆ. ಮದುವೆ ದಿನ ಬೆಳಿಗ್ಗೆ ಎದ್ದು ನೋಡ್ತೀನಿ, ದೊಡ್ಡ ಬಾಗಿಲಿಗೂ ಮಾವಿನ ತೋರಣ! ಅಣ್ಣನ ಕಡೆ ಬಾಗಿಲಿಗೆ! ಹೊಸಲಿಗೆ ಅರಿಶಿನ ಕುಂಕುಮ, ಬಾಗಿಲಿಗೆ ಎಣ್ಣೆ ಒರೆಸಿ ಫಳಫಳ ಅಂತಿದೆ. ಗಿರಿಜಕ್ಕ ಅಲ್ಲ, ಅವರೇ ನಸುಕಲ್ಲೆದ್ದು ಕಟ್ಟಿದ್ದಂತೆ. ನಿಮ್ಮಜ್ಜ ನೋಡಿದ್ರು. ಜರಿ ಪಂಚೇಲಿ ಹಾಗೇ ನಿಂತು ನೋಡಿದ್ರು. ನಾನು ಕಾಯ್ತಾ ಇದೀನಿ, ಈಗ ಹೋಗ್ತಾರೆ, ಈಗ ಬಾಗಿಲು ತಟ್ತಾರೆ. ಅಷ್ಟರಲ್ಲಿ ಯಾರೋ ವಾಲಗದವರು ಬಂದ್ರು ಅಂತ ಕೂಗಿದ್ರು, ಇವರು ಆ ಕಡೆ ಹೋದ್ರು. ಧಾರೆ ಆಯ್ತು. ನಿಮ್ಮಮ್ಮ ಮದುಮಗಳು, ಸೆರಗಲ್ಲಿ ಅಕ್ಷತೆ ಕಟ್ಕೊಂಡು ತಾನೇ ಹೋಗಿ ಆ ಬಾಗಿಲು ತಟ್ಟಿದ್ಳು, ಗಂಡನ್ನೂ ಕರ್ಕೊಂಡು. ದೊಡ್ಡಜ್ಜ ಬಾಗಿಲು ತೆಗೆದ್ರು. ಹೊಸ ಶರ್ಟು ಹಾಕ್ಕೊಂಡಿದ್ರಂತೆ. ಎಲ್ಲೂ ಹೋಗೋದಿಲ್ಲದಿದ್ರೂ ಹೊಸ ಶರ್ಟು ಹಾಕ್ಕೊಂಡು ಒಳಗೇ ಕೂತಿದ್ರು. ತಲೆ ಮೇಲೆ ಅಕ್ಷತೆ ಹಾಕಿದ್ರು, ಹಾಕಿ ಒಳಗೆ ಹೋಗ್ಬಿಟ್ರು. ನಿಮ್ಮಮ್ಮ ಇವತ್ತಿಗೂ ಆ ಮಾತು ಎತ್ತಿದ್ರೆ ಎದ್ದು ಒಳಗೆ ಹೋಗ್ತಾಳೆ, ನೋಡಿ, ಈಗಲೂ ಹೋದ್ಳು.

ಹೂಂ. ಈಗ ಆ ನೀರಿನ ವಿಷಯ. ಗೋಡೆ ಕಟ್ಟಿದ ಮೊದಲ ಮಳೆಗಾಲದಲ್ಲೇ ಗಿರಿಜಕ್ಕ ಏಣಿ ಹತ್ತಿ ಹೇಳಿದ್ಳು, "ಪಾರ್ವತಿ, ನಮ್ಮ ಕಂಬ ಮಾತೇ ಆಡ್ತಿಲ್ಲ ಕಣೇ. ಕಿವಿ ಇಟ್ರೂ ಶಬ್ದ ಇಲ್ಲ. ನೀರು ಮೇಲಿಂದ ದೋಣೀಲಿ ಉಕ್ಕಿ ಅಂಗಳಕ್ಕೇ ಬೀಳ್ತಿದೆ. ನೆಲ ಎಲ್ಲ ಜೌಗು." ಎರಡನೇ ವರ್ಷ ಅವರ ಕಡೆ ಕಾವಿ ನೆಲ ಹಪ್ಪಳದ ಹಾಗೆ ಎದ್ದು ಬಂತು. ಅದರ ಮೇಲೆ ಅವಳು ಇನ್ನೊಂದು ಮಾತು ಹೇಳಿದ್ಳು, ಹೇಳೋವಾಗ ನನ್ನ ಮುಖ ನೋಡ್ಲಿಲ್ಲ. "ಇವರು ಅಂತಾರೆ, ಮೋರಿ ಬಾಯಿ ನಿಮ್ಮ ಕಡೆ ಇದೆಯಲ್ಲ, ಮಂಜನೇ ಮುಚ್ಚಿದಾನೆ ಅಂತ. ನಾನು ನಂಬಲ್ಲ ಕಣೇ. ಆದ್ರೂ ಹೇಳ್ಬೇಕು ಅನ್ನಿಸ್ತು."

ನಾನು ನಿಮ್ಮಜ್ಜಂಗೆ ಹೇಳ್ದೆ. ಮುಚ್ಚಿರ್ಲಿಲ್ಲ ಅವರು, ನನ್ನ ಕಣ್ಣಾಣೆ. ಹಿತ್ತಲಿಗೆ ಹೋಗಿ ಮೋರಿ ಬಾಯಿ ನೋಡ್ಕೊಂಡು ಬಂದ್ರು. "ನಮ್ಮ ಎರಡು ಕಂಬದ ನೀರು ಸರಿಯಾಗೇ ಹೋಗ್ತಿದೆ" ಅಂದ್ರು. ಹಾಗಾದ್ರೆ ಅವರ ಕಡೇದು ಯಾಕೆ ಹೋಗ್ತಿಲ್ಲ, ಹೋಗಿ ನೋಡ್ರೀ, ನಿಮಗೆ ಗೊತ್ತಾಗುತ್ತೆ, ಅಂದೆ. ಮುಖ ಕೆಂಪಾಯ್ತು. "ನಾನು ಮುಚ್ಚಿದೀನಿ ಅಂದ್ಕೊಂಡಿದಾನಾ? ನನ್ನ ಬಗ್ಗೆ ಹಾಗೆ ಅಂದ್ಕೊಂಡಿರೋ ಮನೆಗೆ ನಾನ್ಯಾಕೆ ಹೋಗ್ಲಿ? ಅವನಾಗೇ ಬಂದು ಕೇಳ್ಲಿ, ಮಂಜ, ಏನಾಗಿದೆ ನೋಡೋ ಅಂತ. ಒಂದು ಮಾತು. ಆಮೇಲೆ ನೋಡ್ತೀನಿ." ಆ ಕಡೆ ಅವರು, "ತಪ್ಪು ಮಾಡಿದೋನು ಬಂದು ಸರಿ ಮಾಡ್ಲಿ, ನಾನ್ಯಾಕೆ ಕೇಳ್ಲಿ?" ನಾವಿಬ್ಬರು ಗೋಡೆ ಮೇಲೆ ಕತ್ತು ಇಟ್ಕೊಂಡು ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ. ಹೇಳಿ ಹೇಳಿ ನಮಗೂ ಸಾಕಾಯ್ತು. ಮಳೆಗಾಲ ಬರೋದು, ಅವರ ಮನೆ ನೆನೆಯೋದು, ಬೇಸಿಗೇಲಿ ಒಣಗೋದು, ಎಲ್ಲರೂ ಮರೆಯೋದು. ಹೀಗೇ ಎಷ್ಟೋ ವರ್ಷ ಕಳೀತು.

ಅವತ್ತು ಆರಿದ್ರಾ ಮಳೆ. ವಾರದಿಂದ ಬಿಟ್ಟಿರ್ಲಿಲ್ಲ. ಮಧ್ಯಾಹ್ನ ಊಟ ಆಗಿತ್ತು. ದೊಡ್ಡಜ್ಜ ಆಗ ಅಂಗಡಿ ಬಿಟ್ಟಿದ್ರು, ಪಡಸಾಲೇಲಿ ಈಜಿ ಚೇರಲ್ಲಿ ಒರಗಿದ್ದಾರೆ. ಗಿರಿಜಕ್ಕ ಗಿರಣಿಗೆ ಹೋಗಿದ್ಳು, ದೊಡ್ಡಜ್ಜ ಒಳಗಿಂದ ಅಗಣಿ ಹಾಕ್ಕೊಂಡಿದ್ರು. ನಾನು ಅಕ್ಕಿ ಆರಿಸ್ತಾ ಇದ್ದೆ. ಮೊದಲು ಒಂದು ಶಬ್ದ ಬಂತು, ಟಣ್ ಅಂತ. ನಮ್ಮಪ್ಪ ತಟ್ಟಿದ್ರಲ್ಲ, ಹಾಗಲ್ಲ, ದೇವಸ್ಥಾನದ ಗಂಟೆ ಬಿರುಕು ಬಿಟ್ರೆ ಹೆಂಗಿರುತ್ತೋ ಹಂಗೆ. ಆಮೇಲೆ ಒಂದು ಕ್ಷಣ ಏನೂ ಇಲ್ಲ. ಆಮೇಲೆ ಹಂಚು, ತೊಲೆ, ರೀಪು, ಎಲ್ಲ ಒಟ್ಟಿಗೆ, ಬೆಟ್ಟ ಕುಸಿದ ಹಾಗೆ. ಗೋಡೆ ಆ ಕಡೆ. ನಮ್ಮ ಕಡೆ ಪಾತ್ರೆ ಎಲ್ಲ ಗಡಗಡ ಅಂದ್ವು. ಎದುರು ಮನೆ ಸೆಲ್ವಿ, "ಅಯ್ಯೋ ಕಡವುಳೇ, ಸೋಮಣ್ಣಾ" ಅಂತ ತನ್ನ ತಮಿಳಲ್ಲಿ ಕಿರುಚಿದ್ದು ಕೇಳ್ತು. ನಿಮ್ಮಜ್ಜ ಜಗಲಿ ಮೇಲೆ ಕೆಲಸ ಮಾಡ್ತಿದ್ದೋರು ಆ ದೊಡ್ಡ ಬಾಗಿಲಿಗೆ ಹೋಗಿ ಹೆಗಲು ಕೊಟ್ರು. ಆ ಅಗಣಿ ಅಲ್ಲಾಡುತ್ತಾ? ಮತ್ತೆ ಓಡಿ ಬಂದ್ರು, ಕೈಯಲ್ಲಿ ಸಮ್ಮಟಿಗೆ. ನಾನು ಸ್ಟೂಲು, ಸ್ಟೂಲು ಹತ್ತಿ ಅಂತಿದೀನಿ, ಅವರಿಗೆ ಕೇಳಿಸ್ತಿಲ್ಲ. ತೊಟ್ಟಿಗೆ ಹೋಗಿ ಆ ಗೋಡೆಗೆ ಹೊಡೆದ್ರು ನೋಡಿ. ಒಂದು, ಎರಡು, ಮಳೇಲಿ, ಬಾಯಲ್ಲಿ "ಅಣ್ಣಾ, ಅಣ್ಣಾ" ಅಂತ ಅಂತಾ. ಪ್ರತಿ ಏಟಿಗೂ ಅಣ್ಣಾ. ಅಷ್ಟು ವರ್ಷ ಆ ಪದ ಆ ಬಾಯಲ್ಲಿ ನಾನು ಕೇಳಿರ್ಲಿಲ್ಲ. ಗಾರೆ ಇಲ್ಲದ ಗೋಡೆ, ಹೆಚ್ಚು ಹೊತ್ತು ತಡೀಲಿಲ್ಲ. ತೂತು ದೊಡ್ಡದಾಯ್ತು, ಒಳಗೆ ನುಗ್ಗಿದ್ರು. ನಾನೂ ಹಿಂದೆ ನುಗ್ಗಿದೆ. ಕಂಬ ಬುಡದಲ್ಲೇ ಸೀಳಿ ಅಡ್ಡ ಬಿದ್ದಿದೆ, ಆ ಮೂಲೆ ಸೂರು ಪೂರ್ತಿ ನೆಲದ ಮೇಲೆ. ಕೆಂಪು ಧೂಳು, ಮಳೆ ನೀರು, ಕೆಸರು. ದೊಡ್ಡಜ್ಜನ ಕಾಲು ತೊಲೆ ಕೆಳಗೆ. ಪ್ರಜ್ಞೆ ಇತ್ತು. ತಮ್ಮನ್ನ ನೋಡಿದ್ರು, ನೋಡಿ ಮೊದಲ ಮಾತು ಏನಂದ್ರು ಗೊತ್ತಾ? "ಮಂಜ, ಹುಷಾರು ಕಣೋ, ನಿನ್ನ ತಲೆ ಮೇಲೆ ಹಂಚು ನೇತಾಡ್ತಿದೆ."

ಇವರು, "ನೀನು ಮಾತಾಡ್ಬೇಡ. ಸುಮ್ನಿರು, ಮಾತಾಡ್ಬೇಡ" ಅಂದ್ರು. ಅಳ್ತಾ ಇದ್ರು.

ಓಣಿ ಜನ ಎಲ್ಲ ಸೇರಿ ತೊಲೆ ಎತ್ತಿ, ಶಿವಮೊಗ್ಗಕ್ಕೆ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಪ್ರಾಣ ಉಳೀತು. ಕಾಲು ಉಳೀಲಿಲ್ಲ, ಮೊಣಕಾಲಿಂದ ಕೆಳಗೆ ತೆಗೆದ್ರು. ಮಾರನೇ ದಿನ ನಿಮ್ಮಜ್ಜ ಒಬ್ಬರೇ ಭದ್ರಾವತಿಗೆ ಬಂದು, ಬಿದ್ದ ಕಂಬದ ಬುಡ ಅಗೆದು ನೋಡಿದ್ರು. ಮೋರಿ ಯಾರೂ ಮುಚ್ಚಿರ್ಲಿಲ್ಲ. ಅಲ್ಲ, ಮುಚ್ಚಿತ್ತು, ಆದ್ರೆ ಬೇಕು ಅಂತ ಯಾರೂ ಮುಚ್ಚಿರ್ಲಿಲ್ಲ. ಆ ಗೋಡೆ ಪಾಯ ಇತ್ತಲ್ಲ, ಅದು ನೆಲದೊಳಗೆ ಮೋರಿಗೆ ಅಡ್ಡ ಕೂತಿತ್ತು. ಆ ಕಡೆ ಕಂಬದ ನೀರು ಈ ಕಡೆ ಬರೋಕೆ ದಾರೀನೇ ಇಲ್ಲ. ವರ್ಷ ವರ್ಷ ನೀರು ಕಂಬದೊಳಗೇ ನಿಂತು ನಿಂತು, ಒಳಗಿಂದ ತುಕ್ಕು ತಿಂದು, ಬುಡದ ಮಣ್ಣೆಲ್ಲ ಅಂಬಲಿ. ಹೊರಗಿಂದ ನೋಡಿದ್ರೆ ಎಣ್ಣೆ ಒರೆಸಿ ಫಳಫಳ. ಒಂದೇ ಒಂದು ಸಲ ಇಬ್ಬರೂ ಒಟ್ಟಿಗೆ ನಿಂತು ನೋಡಿದ್ರೆ, ಅರ್ಧ ದಿನದ ಕೆಲಸ. ಪಾಯದಲ್ಲಿ ಒಂದು ತೂತು ಬಿಟ್ರೆ ಮುಗೀತಿತ್ತು. ಅಷ್ಟೇ. ಅಷ್ಟಕ್ಕೆ ಒಂದು ಕಾಲು ಹೋಯ್ತು, ಮನೆ ಹೋಯ್ತು.

ಆಸ್ಪತ್ರೇಲಿ ದೊಡ್ಡಜ್ಜ ಕೇಳಿದ್ರು. ನಾನು ಕಿತ್ತಳೆ ಸುಲೀತಾ ಕೂತಿದ್ದೆ, ಗಿರಿಜಕ್ಕ ಕಾಲ ಹತ್ರ. "ಮಂಜ, ಅಗೆದು ನೋಡಿದ್ಯಂತೆ. ಯಾಕೋ ಬಿತ್ತು ಕಂಬ?" ನಿಮ್ಮಜ್ಜ ನನ್ನ ಕಡೆ ಒಂದು ಸಲ ನೋಡಿದ್ರು. "ಹಳೇದಾಗಿತ್ತು ಅಣ್ಣ. ಎಷ್ಟು ವರ್ಷ ಆಯ್ತು ಅದಕ್ಕೆ. ಕಬ್ಬಿಣಕ್ಕೂ ಮುಪ್ಪು ಬರುತ್ತೆ" ಅಂದ್ರು. ದೊಡ್ಡಜ್ಜ, "ನಾನು ನಿನ್ನ ಮೇಲೆ ಅನುಮಾನ ಪಟ್ಟಿದ್ದೆ ಕಣೋ. ನೀನು ಮೋರಿ ಮುಚ್ಚಿದೀಯ ಅಂತ" ಅಂದ್ರು. "ಬಿಡು ಅಣ್ಣ, ಈಗ್ಯಾಕೆ." "ಮುಚ್ಚಿರ್ಲಿಲ್ಲ ಅಲ್ವಾ?" "ಇಲ್ಲ ಅಣ್ಣ." ಅವರು ಕಣ್ಣು ಮುಚ್ಕೊಂಡು ತಮ್ಮನ ಕೈ ಹಿಡ್ಕೊಂಡ್ರು, ನಿದ್ದೆ ಬಂದ್ರೂ ಬಿಡಲಿಲ್ಲ. ತಾವು ಕಟ್ಟಿಸಿದ ಗೋಡೇನೇ ತಮ್ಮ ಮನೆ ಬೀಳಿಸ್ತು ಅಂತ ಅವರಿಗೆ ಕೊನೇ ತನಕ ಯಾರೂ ಹೇಳ್ಲಿಲ್ಲ. ನಿಮ್ಮಜ್ಜ ಗಿರಿಜಕ್ಕಂಗೂ ಹೇಳಿರ್ಲಿಲ್ಲ, ಅವಳೇ ಆ ಗುಂಡಿ ನೋಡಿ ತಿಳ್ಕೊಂಡ್ಳು. ತಿಳ್ಕೊಂಡು ಅವಳೂ ಬಾಯಿ ಬಿಡ್ಲಿಲ್ಲ.

ಮನೆ ಉಳೀಲಿಲ್ಲ. ಸೂರು ಒಂದೇ ಅಲ್ವಾ, ಒಂದು ಮೂಲೆ ಬಿದ್ದ ಮೇಲೆ ಉಳಿದಿದ್ದೂ ವಾಲ್ತು. ಇರೋದು ಅಪಾಯ ಅಂದ್ರು, ಬಿಚ್ಚಬೇಕಾಯ್ತು. ಗುಜರಿಯವರು ಬಂದ್ರು ಕಂಬ ತಗೊಂಡು ಹೋಗಕ್ಕೆ. ಉದ್ದ ಇತ್ತು, ಗಾಡೀಲಿ ಹಿಡೀಲಿಲ್ಲ. ಆ ಸಾಬ್ರು ಒಳ್ಳೇ ಮನುಷ್ಯ, "ಅಣ್ಣಾ, ಒಡೀಬೇಕಾಗ್ತದೆ, ನೀವು ಒಳಗೆ ಹೋಗಿ" ಅಂದ್ರು. ಒಳಗೆ ಅನ್ನೋದಕ್ಕೆ ಒಳಗೆ ಎಲ್ಲಿತ್ತು ಆಗ? ನಿಮ್ಮಜ್ಜ ಹೊಳೆ ಕಡೆ ನಡ್ಕೊಂಡು ಹೋಗ್ಬಿಟ್ರು. ನಾನು ನಿಂತಿದ್ದೆ. ಬಣ್ಣದ ಗಾಜು ಒಂದಾದ್ರೂ ಇಟ್ಕೊಳ್ಳೋಣ ಅಂತ ಹುಡುಕ್ದೆ, ಎಲ್ಲ ಪುಡಿ. ಜಾಗಾನೂ ಮಾರಿದ್ವಿ, ಈಗ ಅಲ್ಲಿ ಯಾರದ್ದೋ ಕಾಂಪ್ಲೆಕ್ಸು, ಕೆಳಗೆ ಮೊಬೈಲ್ ಅಂಗಡಿ, ಬೇಕರಿ. ಹೋದ್ರೆ ನಾನು ಎದುರು ಕಡೆ ಫುಟ್‌ಪಾತಲ್ಲಿ ಹೋಗ್ತೀನಿ.

ಆಸ್ಪತ್ರೆಗೆ ಓಡಾಡಕ್ಕೆ ಹತ್ರ ಆಗ್ಲಿ ಅಂತ ಶಿವಮೊಗ್ಗ ದಾರೀಲಿ ಮಲವಗೊಪ್ಪದಲ್ಲಿ ಬಾಡಿಗೆಗೆ ಒಂದು ಮನೆ ಹಿಡಿದ್ವಿ. ಎರಡೇ ರೂಮು, ಮೇಲೆ ಶೀಟು. ಅದರಲ್ಲಿ ನಾವು ನಾಲ್ಕು ಜನ. ನಾನು, ಗಿರಿಜಕ್ಕ ಒಂದೇ ಒಲೇಲಿ ಅಡುಗೆ. ಅಣ್ಣ ತಮ್ಮ ಬಾಗಿಲ ಮುಂದೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಕೂರೋರು, ರೋಡಲ್ಲಿ ಹೋಗೋ ಲಾರಿ ನೋಡ್ಕೊಂಡು. ಅಷ್ಟು ವರ್ಷದ ಮಾತು ಬಾಕಿ ಇತ್ತಲ್ಲ, ಬೆಳಿಗ್ಗೆಯಿಂದ ಸಂಜೆ ತನಕ ಮಾತು. ಏನು ಮಾತಾಡ್ತಿದ್ರು ಅಂತೀರಿ, ಯಾವ ಹೋಟೆಲಿನ ದೋಸೆ ಚೆನ್ನಾಗಿತ್ತು, ಇಸ್ಕೂಲಲ್ಲಿ ಯಾವ ಮೇಷ್ಟ್ರು ಹೊಡೀತಿದ್ರು, ಇಂಥದ್ದೇ. ಹಲ್ಲು ಕಾಣಂಗೆ ನಗೋರು. ಅಷ್ಟು ದೊಡ್ಡ ಮನೇಲಿ ಇಬ್ಬರಿಗೆ ಜಾಗ ಸಾಲದೆ ಹೋಯ್ತು, ಈ ಗೂಡಲ್ಲಿ ಸಾಕಾಯ್ತು ನೋಡು ಪಾರ್ವತಿ ಅಂತ ಗಿರಿಜಕ್ಕ ಅನ್ನೋಳು. ಆದ್ರೆ ದೇವರು ಜಾಸ್ತಿ ದಿನ ಕೊಡ್ಲಿಲ್ಲ. ಮುಂದಿನ ಮಳೆಗಾಲ ಕಾಣ್ಲಿಲ್ಲ ದೊಡ್ಡಜ್ಜ. ಅವರು ಹೋದ ಮೇಲೆ ನಿಮ್ಮಜ್ಜ ಆ ಇನ್ನೊಂದು ಕುರ್ಚಿ ಯಾರಿಗೂ ಒಳಗೆ ಇಡಕ್ಕೆ ಬಿಡಲಿಲ್ಲ. ಒಂದು ದಿನ ನನ್ನ ಹತ್ರ ಅಂದ್ರು, "ನಾನು ಎಷ್ಟು ಸಲ ಎದ್ದಿದ್ದೆ ಗೊತ್ತಾ ಪಾರ್ವತಿ? ಅವನ ಬಾಗಿಲ ತನಕ ಹೋಗಿ ಬರ್ತಿದ್ದೆ. ಒಂದು ಸಲಾನೂ ತಟ್ಟಲಿಲ್ಲ. ಅವನೇ ಬರ್ಲಿ ಅಂತ." ಗಿರಿಜಕ್ಕ ಒಳಗಿಂದ ಕೇಳಿಸ್ಕೊಂಡು ಅಂದ್ಳು, "ಇವರೂ ಹಂಗೇ ಮಾಡ್ತಿದ್ರು ಕಣೋ ಮಂಜಣ್ಣ. ಬಾಗಿಲ ಒಳಗೆ ಬಂದು ನಿಂತ್ಕೊಳ್ಳೋರು."

ಹೂಂ... ಅಷ್ಟೇ ಕಣ್ರೋ. ಜಗಳ ಆಡಬೇಡಿ ಅಂತ ನಾನು ಹೇಳಲ್ಲ, ಒಂದೇ ಹೊಟ್ಟೇಲಿ ಹುಟ್ಟಿದ ಮೇಲೆ ಜಗಳ ಇದ್ದಿದ್ದೇ. ಬೇಕಾದ್ರೆ ಪಾಲೂ ತಗೊಳ್ಳಿ, ಬೇರೆ ಮನೇನೂ ಮಾಡಿ. ಆದ್ರೆ ಒಬ್ಬರ ಮೇಲೊಬ್ಬರಿಗೆ ಏನಾದ್ರೂ ಅನುಮಾನ ಬಂತೋ, ಅವತ್ತೇ ಎದ್ದು ಹೋಗಿ ಬಾಯಿ ಬಿಟ್ಟು ಕೇಳ್ಬಿಡಿ. ಕೇಳಿದೋನು ಸಣ್ಣೋನಾಗಲ್ಲ. ಏಳಿ ಈಗ, ಸೊಳ್ಳೆ ಬಂತು, ಕೈಕಾಲು ತೊಳ್ಕೊಂಡು ಊಟಕ್ಕೆ ಬನ್ನಿ.